ಒಂಬತ್ತನೆಯ ಸದ್ದು

ಅಜ್ಜಿಯ ಮಗ್ಗುಲಲ್ಲಿ ಮಲಗಿ ದೆವ್ವದ ಕಥೆಗಳನ್ನು ಬಾಯಿ ತೆರೆದುಕೊಂಡು ಕೇಳಿ ಬೆಳೆದವನು ನಾನು. ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿದ ಮೇಲೆ ಅದೇ ಅಜ್ಜಿಗೆ, ಕಾರಣವಿಲ್ಲದೆ ಜಗತ್ತಿನಲ್ಲಿ ಏನೂ ನಡೆಯುವುದಿಲ್ಲವೆಂದು ಪಾಠ ಹೇಳಲು ಕೂಡುತ್ತಿದ್ದೆ. ಪಾಪ, ಅವಳು ಅಡಕೆ ಕತ್ತರಿಸುತ್ತ ಹೂಂ ಎನ್ನುತ್ತಿದ್ದಳು. ಈಗ ನಾನು ಬರೆಯುತ್ತಿರುವುದನ್ನು ಆ ದಿನಗಳಲ್ಲಿ ಬೇರೆ ಯಾರಾದರೂ ಹೇಳಿದ್ದರೆ ನಕ್ಕು ಎದ್ದು ಹೋಗುತ್ತಿದ್ದೆ. ನೀವು ನಕ್ಕರೂ ನನ್ನ ತಕರಾರಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಇಳಕಲ್ಲಿನ ಆಚೆ ಒಂದು ಕೆಂಪು ಗ್ರಾನೈಟ್ ಕ್ವಾರಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಮಾಲೀಕರು ಹೊಸ ಉಮೇದಿನಲ್ಲಿ ಕ್ವಾರಿಯ ಆಫೀಸಿಗೆ ಕಂಪ್ಯೂಟರ್ ತರಿಸಿದ್ದರು. ಕಡಿದು ತೆಗೆದ ಪ್ರತಿ ಕಲ್ಲಿನ ಉದ್ದ, ಅಗಲ, ಬಣ್ಣ, ಅದು ಹತ್ತಿದ ಲಾರಿ, ಇವನ್ನೆಲ್ಲ ಡೇಟಾಬೇಸಿಗೆ ತುಂಬುವುದು ನನ್ನ ಪಾಲಿಗೆ ಬಂತು.

ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ಕಾಟ ಶುರುವಾಯಿತು. ತುಂಬುತ್ತಿದ್ದ ಹಾಗೆಯೇ ಯಂತ್ರ 'ಕುಂಯ್' ಎಂದು ಕೂಗುತ್ತಿತ್ತು. ಡಿಸ್ಕ್ ಓದಲಾಗುತ್ತಿಲ್ಲ, ನಿಲ್ಲಿಸಲೇ, ಮತ್ತೆ ನೋಡಲೇ, ಬಿಟ್ಟು ಮುಂದೆ ಹೋಗಲೇ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಕೆಲವು ಸಲ 'ಮತ್ತೆ ನೋಡು' ಎಂದರೆ ಸರಿಹೋಗುತ್ತಿತ್ತು. ಕೆಲವು ಸಲ ಪರದೆ ಹಾಗೇ ನಿಂತುಬಿಟ್ಟು ಬೆಳಗಿನಿಂದ ತುಂಬಿದ್ದೆಲ್ಲ ಹಾಳಾಗುತ್ತಿತ್ತು. ಸ್ಟೆಬಿಲೈಸರ್ ಬದಲಿಸಿದೆ. ಇಂಡೆಕ್ಸ್ ಹೊಸದಾಗಿ ಕಟ್ಟಿದೆ. ಪ್ರೋಗ್ರಾಮನ್ನು ಫ್ಲಾಪಿಯಿಂದ ಮತ್ತೆ ಹಾಕಿದೆ. ಹುಬ್ಬಳ್ಳಿಯಿಂದ ಎಂಜಿನಿಯರ್ ಬಂದು ಇಡೀ ದಿನ ಮುಂದೆ ಕುಳಿತರು. ಯಂತ್ರ ಒಮ್ಮೆಯೂ ಕೂಗಲಿಲ್ಲ. ಅವರು ನನ್ನನ್ನೇ ಒಂಥರಾ ನೋಡಿ ಬಸ್ಸು ಹತ್ತಿದರು.

ಆ ದಿನ ಕ್ವಾರಿಯಲ್ಲಿ ಸುರಂಗ ಹಾರಿಸಿರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಸಿಡಿಸುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಬತ್ತಿಗಳ ಉದ್ದ ಬೇರೆಬೇರೆ ಇರುವುದರಿಂದ ಅವು ಒಂದಾದ ಮೇಲೊಂದು ಸಿಡಿಯುತ್ತವೆ. ಆ ಕೆಲಸ ಹುಸೇನಸಾಬನದು. ಅದರಲ್ಲೇ ತಲೆ ಬೆಳ್ಳಗಾದವನು; ನಾನು ಕಾಕಾ ಎನ್ನುತ್ತಿದ್ದೆ. ಅಲ್ಲೊಂದು ಕಟ್ಟುನಿಟ್ಟಾದ ರೂಢಿಯಿತ್ತು. ಸುರಂಗ ಹಾರುವಾಗ ಎಲ್ಲರೂ, ಬಾಯಲ್ಲಿ ರೊಟ್ಟಿ ಇದ್ದರೂ ಸರಿ, ಬೆರಳು ಮಡಿಸಿ ಸದ್ದು ಎಣಿಸಬೇಕು. ತೂತು ಎಷ್ಟೋ ಸದ್ದೂ ಅಷ್ಟೇ ಆಗಬೇಕು. ಒಬ್ಬನ ಲೆಕ್ಕದಲ್ಲಿ ಒಂದು ಕಡಿಮೆ ಬಿದ್ದರೂ ಅಂದು ಯಾರೂ ಗುಂಡಿಗೆ ಇಳಿಯುವ ಹಾಗಿಲ್ಲ. ಸಿಡಿಯದ ಮದ್ದು ಒಳಗೆ ಕಾಯುತ್ತಿರುತ್ತದೆ.

ಪರೀಕ್ಷಿಸಿ ನೋಡಿದೆ. ಒಂದೊಂದು ಸದ್ದಿಗೆ ಯಂತ್ರದ್ದು ಒಂದೊಂದು ಕೂಗು. ಬಂಡೆಯ ಅದುರು ನೆಲದಿಂದ ಡಿಸ್ಕಿಗೆ ತಲುಪುತ್ತಿತ್ತು.

"ನನ್ನ ಸುರಂಗಕ್ಕ ನಿನ್ನ ಟೀವಿ ಉಚ್ಚಿ ಹೊಯ್ಕೊಳ್ತೈತಲೋ ತಮ್ಮಾ!" ಎಂದು ಕಾಕಾ ಬಿದ್ದು ಬಿದ್ದು ನಕ್ಕ.

ಮೇಜಿನ ಕೆಳಗೆ ಗಾದಿ ಹಾಸಿದರೂ ಕೂಗು ನಿಲ್ಲಲಿಲ್ಲ. ಕಡೆಗೆ ಮಾಲೀಕರ ಒಪ್ಪಿಗೆಯಿಂದ ಯಂತ್ರವನ್ನು ಇಳಕಲ್ಲಿನ ನಮ್ಮ ಮನೆಯ ಪಡಸಾಲೆಗೆ ತಂದಿಟ್ಟೆ. ಕ್ವಾರಿಗೂ ಮನೆಗೂ ಸ್ಕೂಟರಿನಲ್ಲಿ ಅರ್ಧ ತಾಸಿನ ದಾರಿ, ನಡುವೆ ಗುಡ್ಡ. ಅಲ್ಲಿಯ ಸದ್ದು ನಮ್ಮ ಓಣಿಗೆ ಕೇಳುತ್ತಿರಲಿಲ್ಲ. ಕೇಳುವುದೇನಿದ್ದರೂ ಪಕ್ಕದ ಮನೆಯ ಮಗ್ಗದ್ದು. ಬೆಳಿಗ್ಗೆ ಕ್ವಾರಿಯಲ್ಲಿ ಅಳತೆ ಬರೆದುಕೊಂಡು ಬಂದು ಮಧ್ಯಾಹ್ನ ಮನೆಯಲ್ಲಿ ತುಂಬುತ್ತಿದ್ದೆ. ಎಷ್ಟೋ ಸಲ ಸುರಂಗ ಹಾರಿದರೂ ಯಂತ್ರ ಉಸಿರೆತ್ತಲಿಲ್ಲ. ಕಾರಣ ಹಿಡಿದೆನೆಂದು ನಾನು ಬೀಗಿದೆ.

ಒಂದು ದಿನ ಬೆಳಿಗ್ಗೆ ನಾನು ಕ್ವಾರಿಯಿಂದ ಹೊರಟಾಗ ಕಾಕಾ ಕೂಗಿ ಹೇಳಿದ: "ಇವತ್ತ ಒಂಬತ್ತ ಅದಾವ ತಮ್ಮಾ! ನಿನ್ನ ಟೀವಿಗೆ ಸಲಾಮ ಹೇಳು!"

ಮಧ್ಯಾಹ್ನ ಊಟ ಮಾಡಿ ಯಂತ್ರದ ಮುಂದೆ ಕುಳಿತಿದ್ದೆ. ಕುಂಯ್ ಎಂದಿತು. 'ಮತ್ತೆ ನೋಡು' ಒತ್ತಿದೆ. ಸರಿಹೋಯಿತು. ತುಸು ಹೊತ್ತಿಗೆ ಮತ್ತೆ ಕುಂಯ್. ಮೂರನೆಯ ಸಲ ಕೂಗಿದಾಗ ನನ್ನ ಕೈ ನೋಡಿಕೊಂಡೆ. ಬೆರಳುಗಳು ತಾವಾಗಿಯೇ ಮಡಿಸಿಕೊಳ್ಳುತ್ತಿದ್ದವು. ಆ ಕೂಗುಗಳ ನಡುವಿನ ಬಿಡುವು ನನಗೆ ಚೆನ್ನಾಗಿ ಗೊತ್ತಿದ್ದ ಬಿಡುವು. ಎಂಟು ಬೆರಳು ಮಡಿಸಿಕೊಂಡವು. ಒಂಬತ್ತನೆಯದು ನೆಟ್ಟಗೇ ಉಳಿಯಿತು. ಕಾದೆ. ಕರ್ಸರ್ ಮಿಣುಕುತ್ತಲೇ ಇತ್ತು. ಪಕ್ಕದ ಮಗ್ಗ ನಡೆದೇ ಇತ್ತು.

"ಯಾಕೋ, ಮಾರಿ ಯಾಕ ಹಿಂಗ ಮಾಡ್ಕೊಂಡಿ?" ಎಂದಳು ಅವ್ವ. ನಾನು ಸ್ಕೂಟರ್ ತೆಗೆದೆ.

ಸುರಂಗ ಹಾರಿದ ಮೇಲೆ ಹೊಗೆ ಆರುವವರೆಗೆ ಕ್ವಾರಿಯವರು ಊಟಕ್ಕೆ ಕೂಡುತ್ತಾರೆ. ಆಮೇಲೆ ಮೊದಲು ಇಳಿಯುವವನು ಕಾಕಾ. ದಾರಿಯುದ್ದಕ್ಕೂ ಅದೊಂದೇ ತಲೆಯಲ್ಲಿತ್ತು. ನಾನು ಕ್ವಾರಿ ಮುಟ್ಟಿದಾಗ ಅವನು ರುಮಾಲು ಬಿಗಿದು ಇಳಿಜಾರಿಗೆ ಕಾಲಿಟ್ಟಿದ್ದ.

"ತಡೀ ಕಾಕಾ! ಎಷ್ಟ ಆದ್ವು?"

"ಒಂಬತ್ತ. ಎಲ್ಲಾರೂ ಎಣಿಸ್ಯಾರ. ಯಾಕ?"

"ನನ್ನ ಲೆಕ್ಕದಾಗ ಎಂಟ."

"ನೀ ಎಲ್ಲಿದ್ದಿ?"

"ಮನ್ಯಾಗ."

ಎಲ್ಲರೂ ಘೊಳ್ಳನೆ ನಕ್ಕರು. "ಇಳಕಲ್ಲಾಗ ಕುಂತು ಇಲ್ಲೀ ಸುರಂಗ ಎಣಿಸ್ತಾನಂತ! ಬಿಸಲ ತಲಿಗೇರೇತಿ, ಒಂದ ತಂಬಿಗಿ ನೀರ ಸುರೀರಿ ಇವಗ," ಎಂದ ಆಳುಗಳನ್ನು ನೋಡಿಕೊಳ್ಳುವ ಮುಕಾದಮ. ಕಾಕಾ ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ನೋಡಿದ. ಇಟ್ಟ ಕಾಲನ್ನು ಹಿಂದೆ ತೆಗೆದ.

"ಎಣಿಸಿದಾಂವ ಎಲ್ಲೇರ ಕುಂತಿರ್ಲಿ. ಒಂದ ಕಡಿಮಿ ಬಿತ್ತಂದ್ರ ಬಿತ್ತು. ಯಾರೂ ಇಳೀಬ್ಯಾಡ್ರಿ."

ಅರ್ಧ ದಿನದ ಕೆಲಸ ಹೋಯಿತೆಂದು ಗೊಣಗುತ್ತ ಎಲ್ಲರೂ ಬೇವಿನ ನೆರಳಿಗೆ ಕುಳಿತರು. ನನಗೋ ನಾಚಿಕೆ ಹಿಂಡುತ್ತಿತ್ತು. ಏನೂ ಆಗದಿದ್ದರೆ ಇವರಿಗೆಲ್ಲ ಹೇಗೆ ಮುಖ ತೋರಿಸಲಿ? ಬಿಸಿಲು ವಾಲಿತು. ಮುಕಾದಮ ಮತ್ತೇನೋ ಕುಚೋದ್ಯ ಹೇಳಲು ಬಾಯಿ ತೆರೆದ.

ಗುಂಡಿಯೊಳಗಿಂದ ಧಡ್ ಎಂದಿತು. ಕಲ್ಲುಗಳು ಮೇಲೆದ್ದು, ಕಾಕಾ ಕಾಲಿಟ್ಟಿದ್ದ ಇಳಿಜಾರಿನ ಮೇಲೆ ಸುರಿದವು.

ಬದುಕಿದೆವೆಂದು ಕಾಕಾ ಅಲ್ಲಾನನ್ನು ನೆನೆಯುತ್ತಾನೆ ಎಂದುಕೊಂಡಿದ್ದೆ. ಅವನು ಕೈ ನೋಡಿಕೊಳ್ಳುತ್ತ ಕುಳಿತಿದ್ದ.

"ಇದು ಹತ್ತಾತು," ಎಂದ, ಸಣ್ಣ ದನಿಯಲ್ಲಿ. "ನಾ ಕೊರದದ್ದು ಒಂಬತ್ತ. ತುಂಬಿದ್ದು ಒಂಬತ್ತ. ಹಂಗಾರ ಆಗ ನಾವು ಕೇಳಿದ್ದು ಏನದು?"

ಆಳುಗಳು ರೊಟ್ಟಿಯ ಗಂಟುಗಳನ್ನೂ ಎತ್ತಿಕೊಳ್ಳದೆ ಒಬ್ಬೊಬ್ಬರಾಗಿ ಎದ್ದು ನಡೆದರು.

ಮನೆಗೆ ಬಂದರೆ ಅವ್ವ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಬಾಗಿಲು ತೆರೆದೇ ಇತ್ತು, ಒಳಗೆ ಕತ್ತಲೆ.

"ಒಳಗ ಹೋಗಾಕ ಮನಸ ಆಗವಲ್ದಪಾ. ನೀ ಹೋದಿ, ಕರೆಂಟೂ ಹೋತು. ಇನ್ನೂ ಬಂದಿಲ್ಲ. ಈಗ ಸ್ವಲ್ಪ ಹೊತ್ತಿನ ಕೆಳಗ ಅದು ಕುಂಯ್ ಅಂತು. ಒಂದ ಸಲ."

ಮರುದಿನದಿಂದ ಯಂತ್ರ ಕೂಗಲಿಲ್ಲ. ಎರಡು ವರ್ಷ ಅದೇ ಪಡಸಾಲೆಯಲ್ಲಿ ಕೆಲಸ ಮಾಡಿತು, ಒಂದು ತಪ್ಪಿಲ್ಲದೆ. ಕಾಕಾ ಆಮೇಲೆ ಅದನ್ನು ಟೀವಿ ಎಂದು ಹಾಸ್ಯ ಮಾಡಲಿಲ್ಲ. ಸುರಂಗ ಹಾರಿಸುವ ದಿನ ಬೆಳಿಗ್ಗೆ ನನ್ನನ್ನು ಕಂಡರೆ, "ನೀ ಮನೀಗೆ ಹೋಗಿ ಕುಂಡ್ರು ತಮ್ಮಾ," ಎನ್ನುತ್ತಿದ್ದ, ಅಷ್ಟೇ.

ತಿಳಿದವರನ್ನು ಕೇಳಿದ್ದೇನೆ. ಗುಡ್ಡದ ಬಂಡೆಯೂ ಊರ ಕೆಳಗಿನ ಬಂಡೆಯೂ ಒಂದೇ, ಅದುರು ಬಂದಿರಬೇಕು ಎಂದರು ಒಬ್ಬರು. ಕರೆಂಟು ಹೋದರೂ ಯಂತ್ರದಲ್ಲಿ ತುಸು ಉಳಿದಿರುತ್ತದೆ ಎಂದರು ಇನ್ನೊಬ್ಬರು. ಇರಲಿ, ಎರಡನ್ನೂ ಒಪ್ಪಿದ್ದೇನೆ. ಯಂತ್ರ ಕೇಳಿಸಿಕೊಂಡದ್ದರ ಬಗ್ಗೆ ನನಗೀಗ ಅಂಥ ಭಯವಿಲ್ಲ. ಅದು ಕೇಳಿಸಿಕೊಳ್ಳದೆ, ಅಷ್ಟು ಜನ ಮಾತ್ರ ಕೇಳಿ ಬೆರಳು ಮಡಿಸಿದರಲ್ಲ, ಆ ಒಂಬತ್ತನೆಯ ಸದ್ದು! ಇನ್ನು ಇಳಿಯಬಹುದು, ಬರ್ರಿ ಎಂದು ಅವರಿಗೆ ಹೇಳಿದ ಆ ಸದ್ದನ್ನು ಮಾಡಿದವರು ಯಾರು?