ಟೋಕನ್ ತಾತ ಮತ್ತು ನಾನು ಹಾಕಿದ ಟಿಕ್ಕು

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಚಲಾವಣೆಯಲ್ಲಿ ಸವೆದ ಹಳೇ ನಾಣ್ಯದಂತೆ ನುಣ್ಣಗಿತ್ತು. ರೇಷನ್ ಅಂಗಡಿಯ ಮೆಷಿನ್ನು ಆ ಬೆರಳನ್ನು ಒಪ್ಪುತ್ತಲೇ ಇರಲಿಲ್ಲ. ಒರೆಸಿ ಇಡಿ, ಒದ್ದೆ ಮಾಡಿ ಇಡಿ, ಒತ್ತಿ ಇಡಿ ಎಂದು ಅಂಗಡಿಯವನಿಗೆ ಸಾಕಾಗಿ ಹೋದ ಮೇಲೆ ಅವರು ಕ್ಯೂನಲ್ಲಿದ್ದವರ ಕಡೆ ತಿರುಗಿ ಹೇಳುತ್ತಿದ್ದರು: “ಯಾರು ಬಂದ್ರು, ಯಾರು ಬರ್ಲಿಲ್ಲ ಅಂತ ನೋಡೋದೇ ನನ್ ಕೆಲ್ಸ ಆಗಿತ್ತು. ಈಗ ನಾನೇ ಬಂದು ನಿಂತಿದ್ರೂ ಈ ಡಬ್ಬ ನಂಬಲ್ಲ ನೋಡ್ರಪ್ಪಾ.”

ಮಾತು ನಿಜ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವರು ಮೊದಲು ಕೆಳಗಿಳಿದು ಕೆಲಸ ಮಾಡಿ, ಆಮೇಲೆ ಬಹಳ ವರ್ಷ ಭೂಮಿಯೊಳಗೆ ಇಳಿಯುವ ಶಾಫ್ಟಿನ ಬಾಯಲ್ಲಿ ಟೋಕನ್ ಕಿಟಕಿಯಲ್ಲಿ ಕೂತವರು. ಇಳಿಯುವ ಪ್ರತಿಯೊಬ್ಬನಿಗೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಮೇಲೆ ಬಂದವನು ಅದನ್ನು ವಾಪಸು ಕೊಟ್ಟಾಗ ಇವರು ಅವನ ಮುಖ ನೋಡಿ, ಹೆಬ್ಬೆರಳಲ್ಲಿ ನಂಬರು ಸವರಿ, ಹಲಗೆಯ ಮೇಲಿನ ಅದೇ ನಂಬರಿನ ಮೊಳೆಗೆ ತಗುಲಿಸಬೇಕು. ಪಾಳಿ ಮುಗಿದಾಗ ಯಾವ ಮೊಳೆ ಖಾಲಿ ಇದೆಯೋ ಆ ಮನುಷ್ಯ ಇನ್ನೂ ಭೂಮಿಯೊಳಗಿದ್ದಾನೆ ಎಂದು ಅರ್ಥ. ಹಿತ್ತಾಳೆ ಅವರ ಬೆರಳು ಸವೆಸಿತು, ಕಲ್ಲಿನ ಧೂಳು ಶ್ವಾಸಕೋಶ ತಿಂದಿತು. ರಾಬರ್ಟ್‌ಸನ್‌ಪೇಟೆಯ ನಮ್ಮ ಬೀದಿಗೆಲ್ಲ ಅವರು ಟೋಕನ್ ತಾತ.

ನನ್ನದು ಅದೇ ಬೀದಿಯಲ್ಲಿ ಒಂದು ಸಣ್ಣ ಅಂಗಡಿ. ಉಸಿರಿನ ತೊಂದರೆ ಇರುವವರ ಮನೆಗಳಿಗೆ ಆಕ್ಸಿಜನ್ ಸಿಲಿಂಡರ್ ತಲುಪಿಸುವುದು ನಮ್ಮ ಕೆಲಸ. ಗಣಿಯಲ್ಲಿ ದುಡಿದವರು ಅರ್ಧ, ಬಂಗಾರಪೇಟೆ ಕಡೆಯ ಹಳ್ಳಿಗಳವರು ಅರ್ಧ. ತಾತನೂ ನಮ್ಮ ಗಿರಾಕಿಯೇ. ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಮಗಳ ಜೊತೆ ಇದ್ದರು. ಅಲ್ಲಿ ದೊಡ್ಡ ಸಿಲಿಂಡರು. ಹೊರಗೆ ಬರುವಾಗ ಹೆಗಲಿಗೆ ಹಾಕಿಕೊಳ್ಳಲು ಒಂದು ಚಿಕ್ಕದು. ದಿನಾ ಬೆಳಿಗ್ಗೆ ಆಟೋದಲ್ಲಿ ಬಂದಿಳಿದು, ಬಾಗಿಲಲ್ಲಿ ನಿಂತು, “ನಾನೇ ಬಂದಿದ್ದೀನಿ, ನೋಡ್ಕಳಮ್ಮ” ಎಂದು ಹೇಳಿಯೇ ಒಳಗೆ ಬರುತ್ತಿದ್ದರು. ಮೂಗಿನಲ್ಲಿ ನಳಿಗೆ ಇಟ್ಟುಕೊಂಡು ಮಧ್ಯಾಹ್ನದವರೆಗೂ ನನ್ನ ಬೆಂಚಿನ ಮೇಲೆ ಕೂತು ತಪ್ಪು ಹುಡುಕುವುದು ಅವರ ಕಾಯಕ. ನಾನು ಸ್ವಲ್ಪ ಮುಂಗೋಪಿ. ನಮ್ಮಿಬ್ಬರಿಗೂ ಚೆನ್ನಾಗಿ ಜಗಳ ಬೀಳುತ್ತಿತ್ತು.

ಗಿರಾಕಿಗಳು ಹೆಚ್ಚಾದಂತೆ ನೋಟ್‌ಬುಕ್ಕು ಸಾಲದೇ ಹೋಯಿತು. ಯಾರಿಗೆ ಇವತ್ತು, ಯಾರಿಗೆ ನಾಳೆ ಎಂಬುದೆಲ್ಲ ಅಂಗಡಿಯ ಕಂಪ್ಯೂಟರಿನಲ್ಲೂ ಇರಬೇಕು, ಫೋನಿನಲ್ಲೂ ಇರಬೇಕು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಾಣಬೇಕು. ಅಂಥ ಒಂದು ಆ್ಯಪ್ ಹುಡುಕಲು ಕೂತೆ. ಮೊದಲು ಹಾಕಿಕೊಂಡದ್ದರಲ್ಲಿ ಪ್ರತಿ ಕೆಲಸಕ್ಕೂ ಬಣ್ಣ, ಬಾವುಟ, ಗುಂಪು, ಗುಂಪಿನೊಳಗೆ ಗುಂಪು. ಒಂದು ಸಿಲಿಂಡರ್ ಬರೆಯಲು ಹೋದರೆ ಅದು ನನ್ನನ್ನೇ ಹತ್ತು ಪ್ರಶ್ನೆ ಕೇಳುತ್ತಿತ್ತು. ಎರಡನೆಯದು ಫೋನಿನಲ್ಲಿ ಚೆಂದ, ಕಂಪ್ಯೂಟರಿಗೆ ಅರ್ಧ ಗಂಟೆ ತಡವಾಗಿ ಸುದ್ದಿ ಮುಟ್ಟಿಸುತ್ತಿತ್ತು. ತಾತ ಅದಕ್ಕೆ “ಬಸ್ಸಲ್ಲಿ ಬತ್ತದೇನೋ ಪಾಪ” ಎಂದರು.

ಮೂರನೆಯದು ನನಗೆ ಬಹಳ ಹಿಡಿಸಿತು. ಕೆಲಸದ ಮುಂದೆ ಒಂದು ಸೊನ್ನೆ. ಮುಟ್ಟಿದರೆ ಟಿಕ್ ಬಿದ್ದು ಆ ಸಾಲು ಮಾಯವಾಗುತ್ತಿತ್ತು. ಎಲ್ಲ ಸಾಲೂ ಮಾಯವಾದರೆ ಪರದೆಯ ಮೇಲೆ ಬಣ್ಣದ ಚೂರುಗಳು ಉದುರಿ, ಇವತ್ತಿನ ಕೆಲಸ ಮುಗಿಯಿತು, ಶಭಾಷ್ ಅನ್ನುತ್ತಿತ್ತು. ನನಗೆ ಶಭಾಷ್ ಅನ್ನುವವರು ಬೇರೆ ಯಾರಿದ್ದರು!

ತಾತ ಕನ್ನಡಕ ಏರಿಸಿ ಪರದೆ ನೋಡಿದರು. “ಮಾಯ ಆಗೋದು ಯಾಕೆ? ಬಂದೋನು ಹಲಗೆ ಮ್ಯಾಲೆ ಕಾಣ್ಬೇಕು. ಅದಿರ್ಲಿ, ಈ ಟಿಕ್ಕು ಯಾರು ಆಕೋದು?”

“ನಾನೇ ತಾತ.”

“ನೀನು ಇಲ್ಲಿ ಕುಂತಿರ್ತೀಯ. ಸಿಲಿಂಡ್ರು ಅಲ್ಲಿ ಓಗಿರ್ತದೆ. ನೋಡಿದ್ದು ಯಾರು?”

“ಆಟೋ ಡ್ರೈವರ್ ಫೋನ್ ಮಾಡ್ತಾನಲ್ಲ?”

“ಬಾಯಿ ಮಾತು ಮೊಳೆಗೆ ತಗುಲಾಕಿಕೊಳ್ಳಲ್ಲ ಅಮ್ಮಣ್ಣಿ” ಎಂದು ಅವರು ಬೆಂಚಿಗೆ ಒರಗಿದರು. ಮುದುಕರ ಮಾತು ಎಂದು ನಾನು ನಕ್ಕುಬಿಟ್ಟೆ. ಆ ನಗೆಯ ನೆನಪಾದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಅದಾಗಿ ಒಂದು ವಾರವಿರಬೇಕು. ಕೋಲಾರದಿಂದ ಬರಬೇಕಾಗಿದ್ದ ಸಿಲಿಂಡರ್ ಲಾರಿ ತಡವಾಗಿ, ಅಂಗಡಿಯಲ್ಲಿ ತುಂಬಿದ ಸಿಲಿಂಡರ್ ಒಂದೂ ಉಳಿದಿರಲಿಲ್ಲ. ಕೊನೆಯದನ್ನು ಆಟೋದಲ್ಲಿ ಬಂಗಾರಪೇಟೆ ಆಚೆಯ ಒಂದು ಹಳ್ಳಿಗೆ ಕಳಿಸಿದ್ದೆ. ಅಲ್ಲಿ ಸೌದೆ ಒಲೆಯ ಹೊಗೆಯಲ್ಲಿ ಎದೆ ಹಾಳಾದ ಒಬ್ಬ ಅಜ್ಜಿ, ನೋಡಿಕೊಳ್ಳಲು ಸೊಸೆ. ಆಟೋ ಓಡಿಸುವವನು ತಮಿಳಿನವನು, ನನಗಿಂತ ವಯಸ್ಸಿನಲ್ಲಿ ದೊಡ್ಡವನು, ಆದರೂ ಅಕ್ಕ ಎನ್ನುತ್ತಿದ್ದ. ಅವನು ಫೋನ್ ಮಾಡಿ, “ಊರೊಳಗೆ ಬಂದ್ಬಿಟ್ಟೆ ಅಕ್ಕಾ, ಕೊಟ್ಟಾಯ್ತು ಅಂದ್ಕೊಳ್ಳಿ” ಎಂದ. ಅಂದುಕೊಂಡೆ. ಟಿಕ್ ಹಾಕಿದೆ. ಬಣ್ಣದ ಚೂರುಗಳು ಉದುರಿದವು.

ಊಟದ ಹೊತ್ತಿಗೆ ಸೊಸೆಯ ಫೋನ್ ಬಂತು. “ಅಕ್ಕಾ, ಸಿಲಿಂಡ್ರು ಇನ್ನೂ ಬರ್ಲಿಲ್ಲ. ಇರೋದ್ರಲ್ಲಿ ಮೀಟ್ರು ಮುಳ್ಳು ಕೆಂಪಿಗೆ ಬಂದದೆ.”

ನಾನು ಪರದೆ ನೋಡಿದೆ. ಆ ಸಾಲೇ ಇಲ್ಲ. “ಬಂದಿದೆಯಲ್ಲಮ್ಮ, ನನ್ ಹತ್ರ ಮುಗಿದಿದೆ ಅಂತ ತೋರಿಸ್ತಿದೆ. ಹಿತ್ತಿಲಲ್ಲಿ ಇಟ್ಟಿರಬೇಕು, ನೋಡಿ” ಎಂದೆ.

“ನೋಡ್ದೆ ಅಕ್ಕಾ, ಇಲ್ಲ.”

“ಇನ್ನೊಂದ್ಸಲ ನೋಡಿ.”

ಉಸಿರು ಕಟ್ಟುತ್ತಿರುವ ಅತ್ತೆಯನ್ನು ಬಿಟ್ಟು ಆ ಹೆಂಗಸು ಎರಡನೇ ಸಲ ಹಿತ್ತಿಲಿಗೆ ಹೋಗಿ ಬರುವಂತೆ ಮಾಡಿದೆ. ನನ್ನ ಜೀವಮಾನದಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಅದು. ಬೈಗುಳವೂ ಅಷ್ಟು ಕೆಟ್ಟದ್ದಲ್ಲ.

ಬೆಂಚಿನಿಂದ ತಾತ ಎದ್ದು ನಿಂತಿದ್ದರು. “ಯಾರು ನೋಡಿದ್ದು?”

 ಡ್ರೈವರನ ಫೋನು ಸ್ವಿಚ್ ಆಫ್. ಕೋಲಾರದ ಲಾರಿ ಬರಲು ಇನ್ನೂ ಮುಕ್ಕಾಲು ಗಂಟೆ ಎಂದರು. ಹಳ್ಳಿಗೆ ಆಂಬುಲೆನ್ಸ್ ಕರೆಯಲು ಸೊಸೆಗೆ ಹೇಳಿದೆ; ಅದು ಎಲ್ಲಿಂದ ಬರಬೇಕೋ, ಎಷ್ಟು ಹೊತ್ತೋ. ತಾತ ಮೂಗಿನ ನಳಿಗೆ ಕಿತ್ತು, ಗಾಳಿ ಬಿಡುವ ಕೀಲಿ ಮುಚ್ಚಿ, ಹೆಗಲ ಚೀಲದ ಸಮೇತ ಚಿಕ್ಕ ಸಿಲಿಂಡರನ್ನು ನನ್ನ ಮುಂದೆ ಇಟ್ಟರು. ಬೆಳಿಗ್ಗೆಯಷ್ಟೇ ಬದಲಾಯಿಸಿದ್ದರಿಂದ ಅದರಲ್ಲಿ ಇನ್ನೂ ಬೇಕಾದಷ್ಟಿತ್ತು.

“ತಗಂಡೋಗು.”

“ತಾತ, ನಿಮಗೆ?”

“ಕುಂತಿರ್ತೀನಿ. ಅಲ್ಲಾಡ್ದೆ, ಮಾತಾಡ್ದೆ ಕುಂತ್ರೆ ಲಾರಿ ಬರೋಗಂಟ ನಡೀತದೆ. ನೀನು ಮಾತಾಡಿಸ್ಬ್ಯಾಡ, ಓಗು.”

ಸ್ಕೂಟರಿನ ಕಾಲಿಡುವ ಜಾಗದಲ್ಲಿ ಅದನ್ನು ನಿಲ್ಲಿಸಿ, ಎರಡೂ ಪಾದಗಳಲ್ಲಿ ಅಮುಕಿಕೊಂಡು ಹೊರಟೆ. ಇಬ್ಬರ ಉಸಿರು ನನ್ನ ಕಾಲ ಸಂದಿಯಲ್ಲಿತ್ತು. ಒಬ್ಬರಿಗೆ ತಲುಪಿಸುವಷ್ಟರಲ್ಲಿ ಇನ್ನೊಬ್ಬರಿಗೆ ಏನಾದರೂ ಆದರೆ ಎಂದು ಗಾಡಿಯನ್ನು ಇನ್ನಷ್ಟು ಜೋರು ಓಡಿಸಿದೆ. ಅರ್ಧ ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ರೈಲು, ಒಂದೊಂದೇ ಡಬ್ಬಿ, ಮುಗಿಯುವುದೇ ಇಲ್ಲ. ಡ್ರೈವರನಿಗೆ ಮತ್ತೆ ಫೋನ್ ಮಾಡೋಣ ಎಂದು ಮೊಬೈಲ್ ತೆಗೆದರೆ ಅದೇ ಆ್ಯಪ್ ತೆರೆದುಕೊಂಡಿತ್ತು. ಇವತ್ತಿನ ಕೆಲಸ ಮುಗಿಯಿತು, ಶಭಾಷ್. ಅಲ್ಲೇ, ಎಲ್ಲರೆದುರು, ಅದಕ್ಕೆ ಬಾಯಿಗೆ ಬಂದ ಹಾಗೆ ಬೈದೆ. ಪಕ್ಕದ ಬೈಕಿನವನು ಗಂಡನಿಗೆ ಬೈಯುತ್ತಿದ್ದಾಳೆ ಎಂದುಕೊಂಡಿರಬೇಕು, ಮುಖ ಆ ಕಡೆ ತಿರುಗಿಸಿದ.

ಹಳ್ಳಿಯಲ್ಲಿ ಅಗೆದ ಓಣಿಯ ಬಾಯಲ್ಲಿ ಸ್ಕೂಟರ್ ಬಿಟ್ಟು ಓಡಿದೆ; ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಅಜ್ಜಿಯನ್ನು ಜಗುಲಿಯ ಮೇಲೆ ಕೂರಿಸಿದ್ದರು. ತುಟಿ ನೇರಳೆಯಾಗಿತ್ತು. ಕುತ್ತಿಗೆಯ ನರಗಳು ಎಳೆದೆಳೆದು ನಿಲ್ಲುತ್ತಿದ್ದವು. ಸೊಸೆ ಬೀಸಣಿಗೆ ಬೀಸುತ್ತಾ ನನ್ನನ್ನು ನೋಡಿದಳು. ನನ್ನ ಕೈಯಿಂದ ನಳಿಗೆ ಎರಡು ಸಲ ಜಾರಿತು. ಮೂರನೇ ಸಲಕ್ಕೆ ಕೂತಿತು. ಕೀಲಿ ತಿರುಗಿಸಿದೆ. ಅಜ್ಜಿಯ ತುಟಿಗೆ ಬಣ್ಣ ಬರುವವರೆಗೆ ನಾನು ಉಸಿರಾಡಿದ ನೆನಪಿಲ್ಲ.

ಅಂಗಡಿಗೆ ಫೋನ್ ಮಾಡಿದೆ. ಬಹಳ ಹೊತ್ತು ಬಡಿದುಕೊಂಡಿತು. ಆಮೇಲೆ ತಾತ ಎತ್ತಿದರು. ಬರೀ ಏದುಸಿರು.

“ನೀನೇ... ಕಣ್ಣಾರೆ ನೋಡ್ದಾ?”

“ನೋಡ್ದೆ ತಾತ. ಉಸಿರಾಡ್ತಿದ್ದಾರೆ. ನೀವು ಹೇಗಿದ್ದೀರ? ಲಾರಿ ಬಂತಾ?”

“ಬೀದೀಲದೆ... ಇಳಿಸ್ತಾವ್ರೆ.” ಫೋನು ಇಟ್ಟುಬಿಟ್ಟರು.

ಆಮೇಲೆ ತಿಳಿದದ್ದು ಇಷ್ಟು. ಪೈಪ್ ಹಾಕಲು ಅಗೆದಿದ್ದ ಆ ಓಣಿಯೊಳಗೆ ಆಟೋ ಹೋಗಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಯಾರಿಗೇ ಏನೇ ಕೊಡಬೇಕಾದರೂ ಹಾಲಿನ ಡೈರಿಯಲ್ಲಿ ಇಡುವುದು ರೂಢಿ. ಲಗ್ನಪತ್ರಿಕೆ, ಮಾತ್ರೆ, ಬ್ಲೌಸು, ಎಲ್ಲವೂ ಅಲ್ಲೇ. ಸಾಯಂಕಾಲ ಹಾಲು ಹಾಕಲು ಬಂದವರು ತೆಗೆದುಕೊಂಡು ಹೋಗುತ್ತಾರೆ. ಡ್ರೈವರನೂ ಸಿಲಿಂಡರನ್ನು ಡೈರಿಯಲ್ಲಿ ಇಟ್ಟು ಬಂದಿದ್ದ. ಡೈರಿಯವರು ಬೀಗ ಹಾಕಿಕೊಂಡು ಊಟಕ್ಕೆ ಹೋಗಿದ್ದರು. “ಡೈರೀಲಿ ಇಟ್ರೆ ಮನೇಲಿ ಇಟ್ಟಂಗೆ ತಾನೆ ಅಕ್ಕಾ? ಸತ್ತಿಯಮಾ, ದೇವ್ರಾಣೆ, ಅಂಗೇ ಅಂದ್ಕೊಂಡೆ” ಎಂದು ಅವನು ಅತ್ತುಬಿಟ್ಟ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಟಿಕ್ ಹಾಕಿದ್ದು ನಾನು.

ಅಂದು ಸಾಯಂಕಾಲ ತಾತ ಒಂದು ಸಂಗತಿ ಹೇಳಿದರು. ಯಾವ ಶಾಫ್ಟ್ ಎಂದು ಮಾತ್ರ ಹೇಳಲಿಲ್ಲ. ಒಂದು ದಿನ ಪಾಳಿ ಮುಗಿದು ಜನರ ನೂಕುನುಗ್ಗಲಿನಲ್ಲಿ ಒಬ್ಬನು ಎರಡು ಬಿಲ್ಲೆ ಕೊಟ್ಟನಂತೆ. ಒಂದು ತನ್ನದು, ಇನ್ನೊಂದು ಸ್ನೇಹಿತನದು. ಅವನು ಹಿಂದೆಯೇ ಬರುತ್ತಿದ್ದಾನೆ, ನಾನು ನೋಡಿದೆ ಎಂದನಂತೆ. ಇವರು ಎರಡನ್ನೂ ತಗುಲಿಸಿದರು. ಹಲಗೆ ತುಂಬಿತು. ತುಂಬಿದ ಹಲಗೆ ನೋಡಿ ಎಲ್ಲರೂ ಮನೆಗೆ ಹೋದರು. ಆ ಸ್ನೇಹಿತ ಕೆಳಗೆ ಕಾಲಿನ ಮೇಲೆ ಕಲ್ಲು ಬಿದ್ದು ಒಬ್ಬನೇ ಮಲಗಿದ್ದ, ಮುಂದಿನ ಪಾಳಿಯವರು ಇಳಿಯುವವರೆಗೆ.

“ಬದುಕಿದ್ರಾ?”

“ಬದುಕಿದ. ಕಾಲು ಓಯ್ತು. ಆಮೇಲೆ ದಿನಾ ಊರುಗೋಲು ಊರ್ಕಂಡು ನನ್ ಕಿಟಕೀಗ್ ಬಂದು, ‘ನಾನೇ ಬಂದಿದ್ದೀನಿ, ನೋಡ್ಕ’ ಅಂದು ಓಗೋನು. ಬೈದಿದ್ರೆ ಎಷ್ಟೋ ಚೆಂದಾಗಿತ್ತು.” ಹೆಬ್ಬೆರಳನ್ನು ತೋರುಬೆರಳಿಗೆ ಸವರುತ್ತಾ ಕೂತರು. ದಿನಾ ಬೆಳಿಗ್ಗೆ ಅವರು ನನಗೆ ಹೇಳುತ್ತಿದ್ದ ಮಾತು ಎಲ್ಲಿಂದ ಬಂದದ್ದೆಂದು ನನಗೆ ಆಗ ತಿಳಿಯಿತು.

ಮರುದಿನ ಆ ಶಭಾಷ್ ಆ್ಯಪ್ ತೆಗೆದುಹಾಕಿದೆ. ಇಬ್ಬರೂ ಕೂತು ಇನ್ನೊಂದು ಆರಿಸಿದೆವು. ಬಣ್ಣವಿಲ್ಲ, ಹೊಗಳಿಕೆಯಿಲ್ಲ, ಒಂದೇ ಪಟ್ಟಿ. ಫೋನಿನಲ್ಲಿ ಬರೆದದ್ದು ಕಂಪ್ಯೂಟರಿನಲ್ಲಿ ಆಗಲೇ ಕಾಣುತ್ತದೆ, ಟಿಕ್ ಬಿದ್ದ ಸಾಲು ಮಾಯವಾಗುವುದಿಲ್ಲ. ನಿಯಮ ತಾತನದು: ತುಂಬಿದ ಸಿಲಿಂಡರ್ ಹೋದದ್ದಕ್ಕೆ ಟಿಕ್ ಇಲ್ಲ. ಆ ಮನೆಯ ಖಾಲಿ ಸಿಲಿಂಡರ್, ಕುತ್ತಿಗೆಗೆ ಹೆಸರಿನ ಚೀಟಿ ಸಮೇತ, ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬಂದಾಗಲೇ ಟಿಕ್. ಹೊಸದನ್ನು ಜೋಡಿಸದೆ ಹಳೆಯದನ್ನು ಯಾರೂ ಬಿಚ್ಚಿ ತರಲಾರರು. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನಾವು ಪ್ರತ್ಯಕ್ಷಾನಾದ್ರೂ ನೋಡಾನ” ಎಂದು ನಕ್ಕರು. ಆ ಮೇಲೆ ನಮ್ಮಲ್ಲಿ ಒಂದು ಮನೆಯೂ ತಪ್ಪಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ಹೋದ ಮಾಘದಲ್ಲಿ ನಾಲ್ಕು ದಿನ ತಾತ ಅಂಗಡಿಗೆ ಬರಲಿಲ್ಲ. ಐದನೇ ದಿನ ಬೆಳಿಗ್ಗೆ ಡ್ರೈವರ್ ಅವರ ದೊಡ್ಡ ಸಿಲಿಂಡರನ್ನು ಇಳಿಸಿ, ಒಳಗೆ ತಂದು ನಿಲ್ಲಿಸಿದ. ಖಾಲಿಯಾಗಿರಲಿಲ್ಲ. ಮುಳ್ಳು ಅರ್ಧಕ್ಕಿಂತ ಮೇಲಿತ್ತು.

“ಬೆಳಗ್ಗೆ ಓಗ್ಬಿಟ್ರು ಅಕ್ಕಾ” ಎಂದ. ಕಂಪ್ಯೂಟರಿನ ಕಡೆ ನೋಡಿ, “ಟಿಕ್ ಆಕ್ಲಾ?” ಎಂದು ಕೇಳಿದ. ಅವನೂ ಅಳುತ್ತಿದ್ದ.

“ಬೇಡ” ಎಂದೆ. ನಾನು ನೋಡಿರಲಿಲ್ಲವಲ್ಲ.

ಷಟರ್ ಎಳೆದು ನಂದಿದುರ್ಗಕ್ಕೆ ಹೋದೆ. ಲೈನ್ ಮನೆಯ ಮುಂದೆ ಬೆಂಚಿನ ಮೇಲೆ ಮಲಗಿಸಿದ್ದರು. ಮೂಗಿನಲ್ಲಿ ನಳಿಗೆ ಇರಲಿಲ್ಲ, ಮುಖ ಹಗುರವಾಗಿತ್ತು. ಹೊದಿಕೆಯ ಹೊರಗಿದ್ದ ಬಲಗೈಯನ್ನು ಹಿಡಿದುಕೊಂಡು ಆ ನುಣ್ಣನೆಯ ಹೆಬ್ಬೆರಳನ್ನು ಒಂದು ಸಲ ಸವರಿದೆ. ಮಣ್ಣಾಗುವವರೆಗೂ ಅಲ್ಲೇ ಇದ್ದು, ಅಂಗಡಿಗೆ ವಾಪಸು ಬಂದು ಕಂಪ್ಯೂಟರ್ ಹಾಕಿದೆ. ಅವರ ಸಾಲು ಪಟ್ಟಿಯಲ್ಲಿ ಕಾಯುತ್ತಿತ್ತು.

“ನಾನೇ ನೋಡಿ ಬಂದೆ, ತಾತ” ಎಂದು ಖಾಲಿ ಬೆಂಚಿಗೆ ಹೇಳಿ, ಟಿಕ್ ಹಾಕಿದೆ.