ವೇಳೆಗೆ ಸರಿಯಾಗಿ

ನಾನು ಓದಿದ್ದು ಮೂರನೇ ಇಯತ್ತೆ. ಕಳೆದ ವರ್ಷ ನಮ್ಮ ಹತ್ತಿಮತ್ತೂರಿಗೆ ಒಬ್ಬಳು ನರ್ಸಬಾಯಿ ಸರ್ವೇ ಮಾಡಲು ಬಂದಳು. ಕಾಮಣಿಯ, ಅಂದರೆ ಕಾಮಾಲೆಯ, ವೈರಸ್ ರಕ್ತದಲ್ಲಿ ಇದ್ದವರಿಗೆ ಅದು ಯಾವಾಗ ಗೊತ್ತಾಗುತ್ತದೆ, ಲಿವರ್ ಕೆಡುವ ಮೊದಲೋ ಕೆಟ್ಟ ಮೇಲೋ, ಇದನ್ನು ಬರೆದುಕೊಳ್ಳುವುದು ಅವಳ ಕೆಲಸ. ಕೆಟ್ಟ ಮೇಲೆ ಗೊತ್ತಾದವರು ‘ತಡ’. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸುತ್ತಿ, ತಡವಾದವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರೋ ಇಲ್ಲವೋ ನೋಡಬೇಕಂತೆ.

ಕಾಮಣಿ ಆಗಿತ್ತೇ ಎಂದು ಕೇಳಿದರೆ ಒಬ್ಬರೂ ಹೂಂ ಅನ್ನಲಿಲ್ಲ. ಮನೆಯಲ್ಲಿ ಮದುವೆಯ ಹುಡುಗಿ ಇದ್ದವರು ಹೇಗೆ ಅಂದಾರು?

“ಬಾಯಿ ಕೇಳಬ್ಯಾಡವಾ, ಕೈ ನೋಡು,” ಅಂದೆ.

ನಮ್ಮ ಕಡೆ ಕಾಮಣಿಗೆ ಮುಂಗೈ ಮೇಲೆ ಕಾದ ಕಬ್ಬಿಣದಿಂದ ಸುಡಿಸುತ್ತಿದ್ದರು. ವೈರಸ್ಸಿಗೆ ಅದರ ಬಿಸಿಯೂ ತಟ್ಟುವುದಿಲ್ಲ, ಕಲೆ ಮಾತ್ರ ಸಾಯುವ ತನಕ ಇರುತ್ತದೆ. ಮರುದಿನ ನಮ್ಮ ಕಟ್ಟೆಯ ಮೇಲೆ ಹೆಂಗಸರೆಲ್ಲ ಬಳೆ ಮೇಲೇರಿಸಿ ಕುಂತರು. ಒಬ್ಬಳ ಎರಡೂ ಕೈಯಲ್ಲಿ ಕಲೆ. ಕಾಮಣಿ ಆದದ್ದು ಗಂಡನಿಗೆ, ಮುಂದೆ ತನಗೂ ಬಂದೀತೆಂದು ಆಗಲೇ ಸುಡಿಸಿಕೊಂಡಿದ್ದಳಂತೆ. ನಕ್ಕು ನಕ್ಕು ನನ್ನ ಪಕ್ಕೆ ಹಿಡಿದವು.

ಆಗ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ನನ್ನ ಕೈ ಮೇಲಿನ ಸೆರಗು ಸರಿಸಿದಳು. “ಎಲ್ಲಾರ ಕೈ ನೋಡಿದಿ ಅಕ್ಕಾ. ನಿನ್ನ ಕೈ ಯಾರ್ ನೋಡಬೇಕು?”

ನನ್ನ ಕಲೆ ಚೊಚ್ಚಲ ಬಾಣಂತನದ್ದು, ಹುಣಸೆಬೀಜದಷ್ಟು. ನರ್ಸಬಾಯಿ ಬೆರಳು ಚುಚ್ಚಿದಳು. ವೈರಸ್ ಇತ್ತು.

ಲಿವರ್ ನೋಡಿಸಲು ಸವಣೂರಿಗೆ ಹೋಗುವ ತನಕ ಹೆದರಿದ್ದೆ, ಸುಳ್ಳು ಯಾಕೆ. ಜನ್ಮದಲ್ಲಿ ಯಾವುದಕ್ಕೂ ವೇಳೆಗೆ ಮುಟ್ಟಿದವಳಲ್ಲ ನಾನು. ನನ್ನದೇ ಮದುವೆಯಲ್ಲಿ ಜನ ಅಕ್ಕಿಕಾಳು ಹಿಡಿದು ನಿಂತಾಗ ನಾನಿನ್ನೂ ತಲೆ ಬಾಚಿಕೊಳ್ಳುತ್ತಿದ್ದೆ. ಇಷ್ಟು ವರ್ಷದ ಮೇಲೆ ಲಿವರ್ ಉಳಿದೀತೇ?

ಉಳಿದಿತ್ತು. ಸ್ವಚ್ಛ ಇದೆ, ಆರು ತಿಂಗಳಿಗೊಮ್ಮೆ ತೋರಿಸಿರಿ, ಮಕ್ಕಳ ರಕ್ತವನ್ನೂ ನೋಡಿಸಿರಿ ಎಂದರು ಡಾಕ್ಟರು. ನರ್ಸಬಾಯಿ ನನ್ನ ಹೆಸರಿನ ಮುಂದೆ ‘ತಡವಲ್ಲ’ ಎಂದು ಬರೆದಳು. ನಾನು ಕೂಡಿಸಿ ಕೂಡಿಸಿ ಓದಿದೆ. ಇನ್ನೊಮ್ಮೆ ತೋರಿಸು ಅಂದೆ. ಮತ್ತೊಮ್ಮೆ ಓದಿ ಹೊರಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು.

ಸ್ಟ್ಯಾಂಡಿನಲ್ಲಿ ಒಬ್ಬಳೇ ನಗುತ್ತ ಕುಂತು ಮಗನಿಗೆ ಫೋನು ಹಚ್ಚಿದೆ. “ನಾಳೆ ನೀವು ಮೂರೂ ಮಂದಿ ರಕ್ತ ಕೊಡಾಕ ಬರ್ರಿ. ತಡ ಮಾಡಬ್ಯಾಡ್ರಿ.”

“ಈ ಮಾತು ನೀ ಹೇಳಾಕತ್ತಿಯೇನಬೇ?” ಅಂದ.

“ಬರದು ಕೊಟ್ಟಾರ ನನಗ,” ಅಂದೆ.