ತೊಟ್ಟಿಲಿನ ಕಪ್ಪು ಕಲೆ

ತೊಟ್ಟಿಲಿನ ತಲೆಯ ಕಡೆಯ ಹಲಗೆಯ ಒಳಮೈಯಲ್ಲಿ ಹೆಬ್ಬೆರಳಗಲದ ಒಂದು ಕಪ್ಪು ಕಲೆ ಇತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಹಳೆಯ ಜಿಡ್ಡಿರಬೇಕು ಎಂದುಕೊಂಡು ಸ್ಯಾಂಡ್‌ಪೇಪರ್ ಕೈಗೆತ್ತಿಕೊಂಡೆ.

ಇದು ನಡೆದದ್ದು ಕಳೆದ ವರ್ಷ, ಅಕ್ಕ ಎರಡನೆಯ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಾಗ. ನಮ್ಮದು ಬೆಟ್ಟದಪುರದ ಹತ್ತಿರದ ಊರು. ಅಕ್ಕನನ್ನು ಭೇರ್ಯದ ಕಡೆ ಕೊಟ್ಟಿದೆ. ಅವಳ ಮೊದಲ ಮಗು ಗಂಡು. ಇದೇ ತೊಟ್ಟಿಲಿನಲ್ಲಿ ಮಲಗುತ್ತಿದ್ದವನು ಮೂರು ತಿಂಗಳು ತುಂಬುವ ಮೊದಲೇ ನ್ಯುಮೋನಿಯಾದಿಂದ ತೀರಿಕೊಂಡ. ತೊಟ್ಟಿಲು ಅಟ್ಟ ಸೇರಿತು. ಆಮೇಲೆ ಅವನ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಈ ಸಲ ಹೆಣ್ಣುಮಗು. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ದಿನ ಗೊತ್ತಾಯಿತು. ಅಟ್ಟದಿಂದ ಇಳಿಸಿದ್ದನ್ನು ನೋಡಿದ ಅಕ್ಕ, "ನನ್ ಮಗೂನ ಅದ್ರಲ್ಲಿ ಮಲಗ್ಸಲ್ಲ" ಎಂದಳು. ಅಷ್ಟೇ. ಮಗುವನ್ನು ಮಡಿಲಿನಿಂದ ಕೆಳಗಿಳಿಸದೆ, ಗೋಡೆಗೆ ಒರಗಿ ಕೂತಲ್ಲೇ ತೂಕಡಿಸತೊಡಗಿದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಒಮ್ಮೆ ನಿದ್ದೆಯ ಮಂಪರಿನಲ್ಲಿ ಮಗು ತೊಡೆಯಿಂದ ಜಾರಿದಾಗ ಅವ್ವ ಓಡಿಹೋಗಿ ಹಿಡಿದುಕೊಂಡರು.

ಹೊಸ ತೊಟ್ಟಿಲು ತರೋಣವೆಂದರೆ ಅಜ್ಜಿ ಒಪ್ಪಲಿಲ್ಲ. ಕೊನೆಗೆ ಅವ್ವನೇ ದಾರಿ ಹುಡುಕಿದರು. "ಬಣ್ಣ ಒಡುದ್ಬುಡಾನ. ಅವಳ ಕಣ್ಗೆ ಬೇರೆ ತೊಟ್ಲಂಗೇ ಕಾಣ್ತದೆ."

"ತೊಟ್ಲೇನು ಮದ್ವೆ ಎಣ್ಣಾ, ಸಿಂಗಾರ ಮಾಡಕ್ಕೆ?" ಎಂದರು ಅಜ್ಜಿ. "ನನ್ ಮಗ ಇದ್ರಲ್ಲೇ ಮಲಗಿ ಬೆಳೀಲಿಲ್ವಾ? ಆಗ ಯಾವ್ ಬಣ್ಣ ಇತ್ತು?"

"ಅದ್ಕೇ ಅಂಗಾಗವ್ರೆ" ಎಂದು ಅವ್ವ ಅಪ್ಪನ ಬಗ್ಗೆ ನನಗಷ್ಟೇ ಕೇಳುವಂತೆ ಹೇಳಿದರು.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಆದ್ದರಿಂದ ಬಣ್ಣ ಬಳಿಯುವುದೂ ನನಗೇ ಬರುತ್ತದೆಂದು ಅವ್ವನ ತೀರ್ಮಾನ. ನನಗೆ ಮನಸ್ಸಿರಲಿಲ್ಲ. ಅದು ಹಲಸಿನ ಮರದ್ದು. ಹಳದಿ ಮಾಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಬಣ್ಣ ಒಮ್ಮೆ ಮರದ ಎಳೆಗೆ ಇಳಿದರೆ ಮತ್ತೆ ಪೂರ್ತಿ ತೆಗೆಯಲಾಗದು. ಅಕ್ಕನನ್ನು ಒಂದು ಮಾತು ಕೇಳೋಣವೆಂದೆ. "ಕೇಳ್ಬೇಡ ಕಣೆ, ಕೇಳುದ್ರೆ ಅಳ್ತಾಳೆ" ಎಂದರು ಅವ್ವ. ಬಾಗಿಲಿಗೆ ಬಳಿದು ಉಳಿದಿದ್ದ ಎನಾಮೆಲ್ ಬೇಡವೆಂದು, ಪಿರಿಯಾಪಟ್ಟಣಕ್ಕೆ ಹೋಗಿ ನೀರಿನಲ್ಲಿ ಕಲಸುವ, ವಾಸನೆ ಕಡಿಮೆಯಿರುವ ತಿಳಿಹಸಿರು ಬಣ್ಣ ತಂದೆ. ಮಕ್ಕಳು ಅಂಚು ಕಚ್ಚುತ್ತವೆ, ಹಾಗಾಗಿ ಮೇಲಂಚಿಗೆ ಬಣ್ಣ ಹಚ್ಚುವುದಿಲ್ಲ ಎಂದೂ ನಿರ್ಧರಿಸಿದೆ.

ಜಗಲಿಯಲ್ಲಿ ಕೂತು ಹೊರಮೈಯನ್ನೆಲ್ಲ ಉಜ್ಜಿ ಮುಗಿಸಿದ ಮೇಲೆ ಒಳಗಿನ ಆ ಕಲೆ ಕಂಡಿತು. "ಅಜ್ಜಿ, ಇಲ್ಲೇನೋ ಕಪ್ಪಗೆ ಜಿಡ್ಡಿದೆ, ಉಜ್ಜಿ ತೆಗೀತೀನಿ" ಎಂದೆ. ಬಾಣಂತಿಯ ಕೋಣೆಯ ಕಿಟಕಿ ಜಗಲಿಗೇ ತೆರೆಯುತ್ತದೆ.

"ಜಿಡ್ಡಲ್ಲ. ಬುಡು ಅದ್ನ."

ಹೇಳಿದ್ದು ಅಜ್ಜಿಯಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು, ಮಗುವನ್ನು ಎದೆಗೊತ್ತಿಕೊಂಡು ಅಕ್ಕ ಹೊಸಿಲಲ್ಲಿ ನಿಂತಿದ್ದಳು.

"ಬಾಣಂತಿ ಗಾಳೀಗೆ ಬತ್ತಾರೇನವ್ವಾ? ವಳೀಕ್ ವೋಗು!" ಎಂದರು ಅಜ್ಜಿ. ಅವಳು ಹೋಗಲಿಲ್ಲ. ಬಂದು ನನ್ನ ಪಕ್ಕ ಕುಳಿತು, ಕಲೆಯ ಮೇಲೆ ಬೆರಳಿಟ್ಟಳು. ಬೆರಳು ಅಲ್ಲಿ ಸರಿಯಾಗಿ ಕೂತಿತು.

"ಪಾಪೂಗೆ ಕೆನ್ನೆಗೆ, ಅಂಗಾಲಿಗೆ ದೃಷ್ಟಿಬೊಟ್ಟು ಇಡ್ತಿದ್ನಲ್ಲ, ಬೆರಳಲ್ಲಿ ಉಳ್ದಿದ್ ಕಾಡಿಗೆನ ದಿನಾ ಇಲ್ಲಿಗೆ ಒರುಸ್ತಿದ್ದೆ. ತೊಟ್ಲಿಗೂ ದೃಷ್ಟಿ ಆಯ್ತದೆ ಅಂತ ಅಜ್ಜಿನೇ ಹೇಳ್ಕೊಟ್ಟಿದ್ದು." ಕಲೆಯ ಮೇಲಿಂದ ಬೆರಳು ತೆಗೆಯದೆಯೇ ಹೇಳಿದಳು. "ಅವನ್ ಬಟ್ಟೆನೆಲ್ಲ ಯಾರ್‍ಗೋ ಕೊಟ್ಬುಟ್ರಿ. ಫೋಟೋನೂ ಎತ್ತಿಟ್ಬುಟ್ರಿ. ಇದೊಂದೇ ಉಳ್ದಿರೋದು."

ಅವ್ವ ಅಡುಗೆಮನೆಯಿಂದ ಬಂದು ನಿಂತಿದ್ದರು. ಕೈಯೆಲ್ಲ ರಾಗಿಹಿಟ್ಟು. "ನಿನ್ ಕಣ್ಗೆ ಬೀಳಬಾರ್ದು ಅಂತ ಕಣವ್ವ..."

"ಕಣ್ಗೆ ಬೀಳ್ದಿದ್ರೆ ಇಲ್ದಂಗಾಯ್ತದಾ?"

ಅವ್ವ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡರು. ಅಜ್ಜಿ ಒಳಗೆ ಹೋಗು ಎನ್ನುವುದನ್ನು ನಿಲ್ಲಿಸಿದರು. ನನ್ನ ಕೈಯಲ್ಲಿ ಸ್ಯಾಂಡ್‌ಪೇಪರ್ ಹಾಗೇ ಇತ್ತು. ಅದನ್ನು ಕೆಳಗಿಟ್ಟು ಕೇಳಿದೆ: "ಬಣ್ಣ ಬೇಡ್ವಾ ಅಕ್ಕ?"

ಅವಳು ಮಡಿಲಿನ ಮಗುವನ್ನು ನೋಡಿದಳು, ತೊಟ್ಟಿಲನ್ನು ನೋಡಿದಳು. ಯೋಚಿಸಿಯೇ ಹೇಳಿದಳು. "ಹಚ್ಚು. ಇವಳು ಬೇರೆ, ಅವನು ಬೇರೆ. ಇವಳಿಗೆ ಬೇರೆ ಬಣ್ಣನೇ ಇರ್ಲಿ. ಇದನ್ನ ಮಾತ್ರ ಮುಚ್ಬೇಡ. ಇದು ಮನೂದು."

ಆ ಹೆಸರನ್ನು ನಮ್ಮ ಜಗಲಿ ಎಷ್ಟೋ ಕಾಲದ ಮೇಲೆ ಕೇಳಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಮನು ನಿನ್ನಂಗೇ ಇದ್ದ ಕಣವ್ವ, ಅಣೆಯೆಲ್ಲ ನಿಂದೇ" ಎಂದರು. ಅಕ್ಕ ಅತ್ತಳು. ಅವ್ವ ಹೆದರಿದ್ದು ಇದಕ್ಕೇ. ಆದರೆ ಅತ್ತ ಮೇಲೆ ಅವಳು ಮಗುವನ್ನು ಅವ್ವನ ಕೈಗೆ ಕೊಟ್ಟು ಒಳಗೆ ಹೋಗಿ, ಸಂಜೆಯವರೆಗೆ ಮಲಗಿ ನಿದ್ದೆ ಮಾಡಿದಳು.

ಅಕ್ಕ ಬರುವುದು ಇನ್ನೊಂದು ಗಳಿಗೆ ತಡವಾಗಿದ್ದರೆ ಆ ಕಲೆಯನ್ನು ನನ್ನ ಕೈಯೇ ಉಜ್ಜಿ ತೆಗೆದಿರುತ್ತಿತ್ತು. ನಾನು ಹೆಚ್ಚು ಮಾತಿನವಳಲ್ಲ; ಯಾರ ದುಃಖವನ್ನೂ ಕೆದಕದಿರುವುದೇ ಮರ್ಯಾದೆ ಎಂದು ನಂಬಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಅಕ್ಕ ಫೋನ್ ಮಾಡಿದಾಗ ಕೆಲವೊಮ್ಮೆ ನಾನೇ ಮನುವಿನ ಮಾತು ತೆಗೆಯುತ್ತೇನೆ.

ಮರುದಿನ ಬೆಳಿಗ್ಗೆ ಬಣ್ಣದ ಡಬ್ಬಿ ತೆರೆದೆ. ಹೊರಮೈ ಮುಗಿಸಿ, ಒಳಗೆ ಸಣ್ಣ ಬ್ರಷ್ಷಿನಿಂದ ಆ ಕಲೆಯ ಸುತ್ತ ನಿಧಾನವಾಗಿ ಬಳಿದು ಬಂದೆ. ಅದರ ಪಕ್ಕದಲ್ಲೇ ಹೆಣ್ಣುಮಗುವಿನ ಕಾಡಿಗೆಗೆಂದು ಹೆಬ್ಬೆರಳಗಲದ ಇನ್ನೊಂದು ಜಾಗವನ್ನು ಬಣ್ಣ ತಾಗಿಸದೆ ಬಿಟ್ಟೆ. ಬಿಡು ಎಂದು ನನಗೆ ಯಾರೂ ಹೇಳಿರಲಿಲ್ಲ.